ಚಳಿ ಬೇಡುವ ಹೂವೋ, ಚಳಿಗೆ ಬೆದರುವ ಹೂವೋ: ವರ್ಮಾಂಟಿನ ಅರ್ಧ ಎಕರೆಗೆ ಆಯ್ಕೆ

ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿ ಹೂವಿನ ಬೆಳೆಗೆ ಎರಡೇ ಲೆಕ್ಕ: ಬೋರಿನಲ್ಲಿ ನೀರೆಷ್ಟಿದೆ, ಹಬ್ಬ ಯಾವಾಗ ಬರುತ್ತದೆ. ಹಬ್ಬದ ತಾರೀಖಿನಿಂದ ಹಿಂದಕ್ಕೆ ಎಣಿಸಿ ಸೇವಂತಿಗೆಯನ್ನೋ ಚೆಂಡುಹೂವನ್ನೋ ನಾಟಿ ಮಾಡುತ್ತಿದ್ದರು. ಅಮೆರಿಕದ ಈಶಾನ್ಯ ಮೂಲೆಯ ವರ್ಮಾಂಟಿನಲ್ಲಿ ಅರ್ಧ ಎಕರೆ, ಅಂದರೆ ನಮ್ಮ ಇಪ್ಪತ್ತು ಗುಂಟೆ ಜಾಗದಲ್ಲಿ ಹೂ ಹಾಕಲು ಹೊರಟಾಗ ಆ ಎರಡು ಲೆಕ್ಕಗಳೂ ಸಾಲಲಿಲ್ಲ. ಇಲ್ಲಿ ಎಣಿಸಬೇಕಾದದ್ದು ಫ್ರಾಸ್ಟ್ ಬೀಳದ ದಿನಗಳನ್ನು. ರಾತ್ರಿ ಉಷ್ಣಾಂಶ ಸೊನ್ನೆಗಿಳಿದು ಇಬ್ಬನಿಯೇ ಎಲೆಯ ಮೇಲೆ ಹೆಪ್ಪುಗಟ್ಟುತ್ತದಲ್ಲ, ಅದೇ ಫ್ರಾಸ್ಟ್. ತಗ್ಗಿನ ಜಾಗಗಳಲ್ಲಿ ಮೇ ಕೊನೆಯವರೆಗೂ ಅದರ ಭಯವಿರುತ್ತದೆ. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಮತ್ತೆ ಹಾಜರು. ನಡುವೆ ಸಿಗುವುದು ಸುಮಾರು 120 ದಿನ.

ಇಲ್ಲಿ ಜಾಗ ಕೊಂಡ ನಮ್ಮವರು ಮೊದಲು ಕೇಳುವುದು, ಯಾವ ಹೂ ಚೆನ್ನಾಗಿ ಬರುತ್ತದೆ ಎಂದು. ಬೇಸಿಗೆಯಲ್ಲಿ ಬಹುಪಾಲು ಎಲ್ಲವೂ ಚೆನ್ನಾಗಿಯೇ ಬರುತ್ತವೆ. ಜುಲೈ ಮೊದಲಲ್ಲಿ ಹಗಲೇ ಹದಿನೈದು ಗಂಟೆ ಇರುವ ಊರಿದು. ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯದು: ಈ ಗಿಡಕ್ಕೆ ಚಳಿ ಬೇಕೋ, ಇಲ್ಲ ಚಳಿಯಿಂದ ನಾನು ಇದನ್ನು ಕಾಯಬೇಕೋ? ಚಳಿ ಬೇಕಾದ ಗಿಡದ ಪಾಲಿಗೆ ಐದು ತಿಂಗಳ ಹಿಮವೇ ಸಂಬಳವಿಲ್ಲದ ಆಳು. ಚಳಿಗೆ ಬೆದರುವ ಗಿಡಕ್ಕೆ ಆ ಐದು ತಿಂಗಳೂ ನಿಮ್ಮದೇ ಕೂಲಿ, ನಿಮ್ಮದೇ ಕರೆಂಟು. ಎರಡೂ ಬಗೆಯವನ್ನು ಬೆಳೆಯಬಹುದು, ನಾನೂ ಬೆಳೆಯುತ್ತೇನೆ. ಆದರೆ ಜಾಗವನ್ನೂ ಮೊದಲ ದುಡ್ಡನ್ನೂ ಯಾವುದಕ್ಕೆ ಕೊಡಬೇಕು ಎನ್ನುವುದು ಈ ಪ್ರಶ್ನೆಯಿಂದಲೇ ತೀರ್ಮಾನವಾಗಲಿ.

ಹೂವಿನ ಪಟ್ಟಿ ಮಾಡುವ ಮುಂಚೆ ಮಾರುಕಟ್ಟೆಯನ್ನೂ ಒಮ್ಮೆ ನೋಡಿಬಿಡಿ. ನಮ್ಮೂರಿನಲ್ಲಿ ಬಿಡಿ ಹೂ ಕೆ.ಜಿ. ಲೆಕ್ಕ, ಕಟ್ಟಿದ್ದು ಮಾರಿನ ಲೆಕ್ಕ. ಇಲ್ಲಿ ಎಲ್ಲವೂ ಕಡ್ಡಿಯ ಲೆಕ್ಕ. ಕಾಂಡ ಎಷ್ಟುದ್ದ, ಹೂದಾನಿಯಲ್ಲಿ ಎಷ್ಟು ದಿನ ಬಾಳುತ್ತದೆ ಎಂಬುದರ ಮೇಲೆ ಬೆಲೆ. ಅಮೆರಿಕದ ಅಂಗಡಿಗಳಲ್ಲಿ ಸಿಗುವ ಹೂಗಳಲ್ಲಿ ಬಹುಪಾಲು ಕೊಲಂಬಿಯಾ, ಎಕ್ವಡಾರ್‌ಗಳಿಂದ ವಿಮಾನದಲ್ಲಿ ಬಂದದ್ದು. ಗುಲಾಬಿ, ಕಾರ್ನೇಷನ್ ಬೆಳೆದು ಅವರ ಬೆಲೆಗೆ ಸರಿಗಟ್ಟುತ್ತೇನೆ ಎಂಬ ಆಸೆ ಬೇಡ. ಪೆಟ್ಟಿಗೆಯಲ್ಲಿ ಮಲಗಿಸಿ ವಿಮಾನ ಹತ್ತಿಸಿದರೆ ನಲುಗಿಹೋಗುವ ಹೂಗಳಲ್ಲಿ ಮಾತ್ರ ಸಣ್ಣ ತೋಟಕ್ಕೆ ಉಳಿವಿದೆ.

ಟ್ಯೂಲಿಪ್, ಪಿಯೋನಿ: ಎರಡಕ್ಕೂ ಚಳಿ ಬೇಕು, ಆದರೆ ದುಡ್ಡಿನ ದಾರಿ ಬೇರೆ

ಟ್ಯೂಲಿಪ್ ಗಡ್ಡೆ ಹೂ ಬಿಡಬೇಕಾದರೆ ಸುಮಾರು 12ರಿಂದ 16 ವಾರ ತಣ್ಣಗಿರಬೇಕು. ಬಿಸಿ ಸೀಮೆಯ ಬೆಳೆಗಾರರು ಶೈತ್ಯಾಗಾರದಲ್ಲಿ ತಣಿಸಿಟ್ಟ ಗಡ್ಡೆಗೆ ಹೆಚ್ಚು ಬೆಲೆ ಕೊಟ್ಟು ತರುತ್ತಾರೆ. ನಮಗೆ ಆ ಖರ್ಚಿಲ್ಲ. ಅಕ್ಟೋಬರ್‌ನಲ್ಲಿ ನೆಲ ಹೆಪ್ಪುಗಟ್ಟುವ ಮುಂಚೆ ಹೂತುಬಿಟ್ಟರೆ ಮುಂದಿನದೆಲ್ಲ ಹಿಮದ ಕೆಲಸ. ಅಂಗಳದ ಅಂದಕ್ಕೆ ನೆಡುವವರಂತೆ ಗೇಣುದ್ದ ಅಂತರ ಬಿಡಬೇಡಿ. ಮೊಟ್ಟೆಯ ಟ್ರೇನಲ್ಲಿ ಮೊಟ್ಟೆ ಜೋಡಿಸಿದ ಹಾಗೆ ಒತ್ತೊತ್ತಾಗಿ ಇಡಬೇಕು. ಹೀಗೆ ಇಟ್ಟರೆ ನಾಲ್ಕಡಿ ಅಗಲ, ಇಪ್ಪತ್ತೈದಡಿ ಉದ್ದದ ಒಂದೇ ಮಡಿಯಲ್ಲಿ ಎರಡು ಸಾವಿರಕ್ಕೂ ಮಿಗಿಲು ಗಡ್ಡೆ ಹಿಡಿಸುತ್ತವೆ.

ಹೊಸಬರಿಗೆ ಒಪ್ಪಿಕೊಳ್ಳಲು ಕಷ್ಟವಾಗುವ ಸಂಗತಿಯೊಂದಿದೆ: ಮಾರಾಟಕ್ಕೆ ಬೆಳೆಯುವ ಟ್ಯೂಲಿಪ್ ಒಂದು ವರ್ಷದ ಬೆಳೆ. ಉದ್ದ ಕಾಂಡ ಬೇಕೆಂದರೆ ಎಲೆಗಳೂ ಹೂವಿನ ಜೊತೆ ಹೋಗುತ್ತವೆ. ಎಲೆಯಿಲ್ಲದ ಗಡ್ಡೆ ಮುಂದಿನ ವರ್ಷಕ್ಕೆ ಕಸುವು ಕೂಡಿಸಿಕೊಳ್ಳಲಾರದು. ಅದಕ್ಕೇ ಹೂವನ್ನು ಕತ್ತರಿಸದೆ ಗಡ್ಡೆಯ ಸಮೇತ ಕಿತ್ತುಬಿಡುತ್ತೇವೆ. ಬೇರುಸಹಿತ ಗಿಡ ಕಿತ್ತು ಎಸೆಯುವುದು ನಮ್ಮ ಮನೆಯ ಹಿರಿಯರಿಗೆ ಪಾಪದ ಕೆಲಸ. ಮೊದಲ ವರ್ಷ ನನ್ನ ಕೈಯೂ ಹಿಂಜರಿಯಿತು. ಆದರೆ ಇದರಿಂದ ಒಂದು ದೊಡ್ಡ ಲಾಭವಿದೆ. ಗಡ್ಡೆ ಅಂಟಿಕೊಂಡೇ ಇರುವ ಟ್ಯೂಲಿಪ್ಪನ್ನು ಮೊಗ್ಗಿಗೆ ಬಣ್ಣ ಬಂದೊಡನೆ ಕಿತ್ತು, ನೀರಿಲ್ಲದೆ ನೆಟ್ಟಗೆ ನಿಲ್ಲಿಸಿ, ಒಂದೆರಡು ಡಿಗ್ರಿಯ, ಫ್ರಿಜ್ಜಿನಂಥ ಕೂಲರ್‌ನಲ್ಲಿಟ್ಟರೆ ಎರಡು ಮೂರು ವಾರ ಹಾಗೆಯೇ ಇರುತ್ತದೆ. ಒಂದೇ ವಾರದ ಬಿಸಿಲಿಗೆ ಇಡೀ ಮಡಿ ಅರಳಲು ಹೊರಟಾಗ ಈ ಕೂಲರೇ ಕಾಪಾಡುವುದು. ಹೋದ ವರ್ಷದ ಮಡಿಯಲ್ಲೇ ಮತ್ತೆ ಹಾಕಬೇಡಿ. ಟ್ಯೂಲಿಪ್ ಫೈರ್ ಎಂಬ ಬೂಷ್ಟು ರೋಗ ಮಣ್ಣಿನಲ್ಲಿ ಉಳಿದಿರುತ್ತದೆ. ಜಿಂಕೆಗೆ ಟ್ಯೂಲಿಪ್ ಎಂದರೆ ಪ್ರಾಣ, ನೆಲದೊಳಗಿನ ಇಲಿಗೂ ಹಾಗೆಯೇ. ಬೇಲಿಯ ಖರ್ಚನ್ನು ಗಡ್ಡೆಯ ಖರ್ಚಿನ ಜೊತೆಗೇ ಬರೆದುಕೊಳ್ಳಿ.

ದಳ ತುಂಬಿದ ದೊಡ್ಡ ಹೂವಿನ ಪಿಯೋನಿಯದು ಇದಕ್ಕೆ ಪೂರಾ ಉಲ್ಟಾ. ಒಮ್ಮೆ ನೆಟ್ಟರೆ ಐವತ್ತು ವರ್ಷ ಬಾಳುವ ಗಿಡ. ಇಲ್ಲಿನ ಹಳೆಯ ತೋಟದ ಮನೆಗಳ ಮುಂದೆ, ಮನೆಯೇ ಬಿದ್ದುಹೋದ ಮೇಲೂ ಜೂನ್‌ನಲ್ಲಿ ಪಿಯೋನಿ ಅರಳುತ್ತಿರುತ್ತದೆ. ಇವತ್ತಿಗೂ ಹೆಚ್ಚು ಮಾರಾಟವಾಗುವ ತಳಿಗಳಲ್ಲಿ 'ಫೆಸ್ಟಿವಾ ಮ್ಯಾಕ್ಸಿಮಾ' 1851ರದು, 'ಸಾರಾ ಬರ್ನ್‌ಹಾರ್ಟ್' 1906ರದು. ಆದರೆ ಕಾಯಬೇಕು. ಸೆಪ್ಟೆಂಬರ್‌ನಲ್ಲಿ ಬೇರು ನೆಟ್ಟರೆ ಮೂರನೆಯ ವರ್ಷದವರೆಗೆ ಹೂ ಕೊಯ್ಯಬಾರದು. ಆಮೇಲೂ ಒಂದು ಬುಡದಿಂದ ಮೂರನೆಯ ಒಂದು ಪಾಲು ಕಡ್ಡಿ ಕೊಯ್ದು ಉಳಿದದ್ದನ್ನು ಗಿಡಕ್ಕೇ ಬಿಡಬೇಕು. ನೆಡುವಾಗ ಬೇರಿನ ಮೇಲಿನ, ಮೊಳಕೆ ಒಡೆಯುವ ಕೆಂಪು ಕಣ್ಣುಗಳು ಎರಡು ಅಂಗುಲಕ್ಕಿಂತ ಆಳಕ್ಕೆ ಹೋಗಬಾರದು. ನನ್ನ ಮೊದಲ ಸಾಲು ಐದು ಅಂಗುಲ ಆಳಕ್ಕೆ ಹೋಗಿತ್ತು. ಚಳಿಗೆ ಕಣ್ಣು ಸತ್ತೀತೆಂದು ಹೆದರಿ ಹಾಗೆ ಮಾಡಿದ್ದೆ. ನಾಲ್ಕು ವರ್ಷ ಬರೀ ಹಸಿರೆಲೆ ನೋಡಿ, ಕಡೆಗೆ ಎಲ್ಲವನ್ನೂ ಅಗೆದು ಮತ್ತೆ ನೆಟ್ಟೆ. ಈ ಗಿಡ ಚಳಿಗೆ ಹೆದರುವುದಿಲ್ಲ. ಆ ಚಳಿ ಕಣ್ಣಿಗೆ ತಾಕಿದರೇ ಹೂ.

ಕೊಯ್ಲಿನ ಹದವನ್ನು ಬೆರಳಲ್ಲೇ ತಿಳಿಯಬೇಕು. ಮೊಗ್ಗನ್ನು ಮೆಲ್ಲಗೆ ಒತ್ತಿದರೆ ಇಡ್ಲಿಯಷ್ಟು ಮೆದುವಾಗಿರಬೇಕು. ಗೋಲಿಯಷ್ಟು ಗಟ್ಟಿ ಇದ್ದರೆ ಹೂದಾನಿಯಲ್ಲಿ ಅರಳುವುದೇ ಇಲ್ಲ. ಸರಿಯಾದ ಹದದಲ್ಲಿ ಕೊಯ್ದು ಕಾಗದ ಸುತ್ತಿ ಸೊನ್ನೆಯ ಹತ್ತಿರದ ಚಳಿಯಲ್ಲಿ ಒಣದಾಗಿ ಇಟ್ಟರೆ ಕೆಲವು ವಾರ ಹೆದರಿಕೆಯಿಲ್ಲ. ಮೊಗ್ಗಿನ ಮೇಲೆ ಓಡಾಡುವ ಇರುವೆಗಳಿಂದ ಕೆಡುಕೇನಿಲ್ಲ. ಅವಿಲ್ಲದೆಯೂ ಮೊಗ್ಗು ಅರಳುತ್ತದೆ.

ಚಳಿಯೇ ಬಂಡವಾಳ ಎನ್ನುವುದಕ್ಕೆ ಅಲಾಸ್ಕಾಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. ಫೇರ್‌ಬ್ಯಾಂಕ್ಸ್‌ನ ಅಲಾಸ್ಕಾ ವಿಶ್ವವಿದ್ಯಾಲಯದ ತೋಟಗಾರಿಕೆ ಪ್ರಾಧ್ಯಾಪಕಿ ಪ್ಯಾಟ್ ಹಾಲೋವೇ 2001ರಲ್ಲಿ ಅಲ್ಲಿ ಪಿಯೋನಿಯ ಪ್ರಯೋಗ ಶುರುಮಾಡಿದರು. ಬೇರೆಡೆಯೆಲ್ಲ ಪಿಯೋನಿ ಮುಗಿದುಹೋದ ಜುಲೈ, ಆಗಸ್ಟ್‌ಗಳಲ್ಲಿ ಅಲಾಸ್ಕಾದಲ್ಲಿ ಅದು ಅರಳುತ್ತದೆ. ಬೇಸಿಗೆಯ ಮದುವೆಗಳಿಗೆ ಆ ಹೂ ಬೇರೆಡೆ ಸಿಗುವುದು ಕಷ್ಟ. ಅದರಿಂದಲೇ ಅಲ್ಲಿ ಸಣ್ಣ ಸಣ್ಣ ಪಿಯೋನಿ ತೋಟಗಳ ಉದ್ಯಮವೇ ಬೆಳೆಯಿತು. ತಡವಾಗಿ ಬರುವ ವಸಂತವನ್ನು ಅವರು ಸರಕಾಗಿ ಮಾಡಿಕೊಂಡರು.

ಇವೆರಡರಲ್ಲಿ ಯಾವುದು? ಈ ವರ್ಷ ಹೂಡಿದ ದುಡ್ಡು ಮುಂದಿನ ಮೇ ತಿಂಗಳಿಗೆ ವಾಪಸು ಬರಲೇಬೇಕೆಂದರೆ ಟ್ಯೂಲಿಪ್. ಜಾಗ ಸ್ವಂತದ್ದಾಗಿದ್ದು ಹತ್ತು ವರ್ಷ ಇಲ್ಲೇ ಇರುತ್ತೀರೆಂದರೆ ಪಿಯೋನಿ. ಗೇಣಿಗೆ ಹಿಡಿದ ಜಾಗದಲ್ಲಿ ಪಿಯೋನಿ ಬೇಡ. ನನ್ನ ಮಾತು ಕೇಳುವುದಾದರೆ ಮೊದಲ ಶರತ್ಕಾಲದಲ್ಲೇ ಎರಡನ್ನೂ ನೆಡಿ: ಟ್ಯೂಲಿಪ್‌ಗೆ ಒಂದೆರಡು ಮಡಿ, ಪಿಯೋನಿಗೆ ನೀರು ನಿಲ್ಲದ ಒಂದು ಅಂಚಿನಲ್ಲಿ ಐವತ್ತು ಬುಡ.

ಪಾಲಿಹೌಸ್ ಬೇಕೇ?

ದೊಡ್ಡಬಳ್ಳಾಪುರದ ಕಡೆ ಜರ್ಬೆರಾ, ಗುಲಾಬಿ ಬೆಳೆಯುವ ಪಾಲಿಹೌಸ್ ನೋಡಿದವರು ಇಲ್ಲಿನದೂ ಅದೇ ಅಂದುಕೊಳ್ಳುತ್ತಾರೆ. ಅಲ್ಲಿ ಅದು ಮಳೆಯನ್ನೂ ಸುಡುವ ಬಿಸಿಲನ್ನೂ ತಡೆಯುವ ಚಾವಣಿ. ಇಲ್ಲಿ ಹೈ ಟನಲ್ ಎಂದು ಕರೆಯುವ, ಒಲೆ ಹೀಟರ್ ಯಾವುದೂ ಇಲ್ಲದ ಪ್ಲಾಸ್ಟಿಕ್ ಮನೆಯ ಕೆಲಸ ಕಾಲವನ್ನು ಎರಡೂ ತುದಿಯಲ್ಲಿ ಮೂರು ನಾಲ್ಕು ವಾರ ಹಿಗ್ಗಿಸುವುದು. ಮೇನ್ ರಾಜ್ಯದ ಹಾರ್ಬರ್‌ಸೈಡ್‌ನಲ್ಲಿ ಚಳಿಗಾಲವಿಡೀ ತರಕಾರಿ ಬೆಳೆದು ತೋರಿಸಿದ ಎಲಿಯಟ್ ಕೋಲ್ಮನ್ ಅವರ ಅಂದಾಜಿನಲ್ಲಿ, ಒಂದು ಪದರ ಹೊದಿಕೆ ಎಂದರೆ ತೋಟವನ್ನು ಒಂದೂವರೆ ಹವಾಮಾನ ವಲಯದಷ್ಟು (ಚಳಿಗಾಲದ ಚಳಿಯ ಮೇಲೆ ದೇಶವನ್ನು ಹಂಚಿದ ಪಟ್ಟಿಗಳೇ ವಲಯ) ದಕ್ಷಿಣಕ್ಕೆ ಸರಿಸಿದ ಹಾಗೆ. ಒಳಗೆ ಗಿಡದ ಮೇಲೆ ತೆಳು ಬಟ್ಟೆಯ ಇನ್ನೊಂದು ಪದರ ಹೊದಿಸಿದರೆ ಮತ್ತಷ್ಟು.

ಆದರೆ ಬೆಚ್ಚಗಿದ್ದ ಮಾತ್ರಕ್ಕೆ ಗಿಡ ಬೆಳೆಯುವುದಿಲ್ಲ. ಹಗಲು ಹತ್ತು ಗಂಟೆಗಿಂತ ಕಡಿಮೆಯಾದರೆ ಬೆಳವಣಿಗೆ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ನಮ್ಮ ಅಕ್ಷಾಂಶದಲ್ಲಿ ಅದು ನವೆಂಬರ್ ಮೊದಲ ವಾರದಿಂದ ಫೆಬ್ರವರಿ ಮೊದಲ ವಾರದವರೆಗೆ. ಆ ಮೂರು ತಿಂಗಳು ಗ್ಯಾಸ್ ಸುಟ್ಟು ಟನಲ್ ಕಾಯಿಸುವುದು ಹಣವನ್ನೇ ಸುಟ್ಟ ಹಾಗೆ. ಹೀಟರ್ ಇರುವ ಮನೆ ಅರ್ಧ ಎಕರೆಯ ತೋಟಕ್ಕೆ ಬೇಡವೆಂದೇ ನನ್ನ ನಿಲುವು.

ಹೀಟರ್ ಇಲ್ಲದ ಟನಲ್ ಮಾತ್ರ ಎರಡನೆಯ ವರ್ಷದೊಳಗೆ ಇರಲಿ. ಅಮೆರಿಕದಲ್ಲಿ ತಾಯಂದಿರ ದಿನ ಮೇ ಎರಡನೆಯ ಭಾನುವಾರ, ನಮ್ಮಂಥ ತೋಟಗಳಿಗೆ ವರ್ಷದ ಮೊದಲ ದೊಡ್ಡ ವ್ಯಾಪಾರ. ಬಯಲಿನ ಟ್ಯೂಲಿಪ್ ಅಷ್ಟರಲ್ಲಿ ಬಂದರೂ ಬಂತು, ಇಲ್ಲದಿದ್ದರೆ ಇಲ್ಲ. ಟನಲ್‌ನೊಳಗಿನದು ಏಪ್ರಿಲ್ ಕೊನೆಗೇ ತಯಾರು. ಅದು ಖಾಲಿಯಾದ ಮಡಿಗೆ ಗುಲಾಬಿಯಂತೆ ಕಾಣುವ ಲಿಸಿಯಾಂಥಸ್ ಅಥವಾ ಉದ್ದ ತೆನೆಯಲ್ಲಿ ಹೂಬಿಡುವ ಸ್ನ್ಯಾಪ್‌ಡ್ರ್ಯಾಗನ್, ಶರತ್ಕಾಲಕ್ಕೆ ಸೇವಂತಿಗೆ. ಹಿಮ ಬಿದ್ದ ರಾತ್ರಿ ಎದ್ದು ಚಾವಣಿಯ ಪಕ್ಕದಿಂದ ಹಿಮ ಸರಿಸುವ ಕೆಲಸ ಇದ್ದೇ ಇರುತ್ತದೆ. ಒದ್ದೆ ಹಿಮದ ಭಾರಕ್ಕೆ ಕಮಾನುಗಳು ಬಾಗಿ ಮಡಚಿಕೊಳ್ಳುತ್ತವೆ. ಟನಲ್ ಕಟ್ಟಲು ಕೃಷಿ ಇಲಾಖೆಯ ಸಹಾಯಧನದ ಯೋಜನೆಯೂ ಇದೆ. ಸ್ವಂತ ದುಡ್ಡು ಹಾಕುವ ಮುನ್ನ ನಿಮ್ಮ ಜಿಲ್ಲೆಯ ಕಚೇರಿಯಲ್ಲಿ ವಿಚಾರಿಸಿ.

ಡೇಲಿಯಾ ಮೇಲಿನ ಪ್ರೀತಿ, ಲಿಸಿಯಾಂಥಸ್ ಮೇಲಿನ ಭರವಸೆ

ಡೇಲಿಯಾ ಮೆಕ್ಸಿಕೋದ ಬೆಟ್ಟಗಳ ಹೂ, ಆ ದೇಶದ ರಾಷ್ಟ್ರಪುಷ್ಪವೂ ಹೌದು. ವಿಮಾನ ಹತ್ತಿಸಿದರೆ ತಡೆದುಕೊಳ್ಳದ ಹೂಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಅದಕ್ಕೇ ಊರಿನ ಹೂ ಅಲಂಕಾರದವರು ಇದನ್ನು ಹುಡುಕಿಕೊಂಡು ನಮ್ಮಲ್ಲಿಗೇ ಬರುತ್ತಾರೆ. ಆದರೆ ಚಳಿಗೆ ಬೆದರುವ ಹೂಗಳಲ್ಲೂ ಇದೇ ಮೊದಲು.

ಲೆಕ್ಕ ಹಾಕಿ ನೋಡಿ. ಮಣ್ಣು 15 ಡಿಗ್ರಿಗೆ ಬೆಚ್ಚಗಾಗುವುದು ಮೇ ಕೊನೆಗೆ, ಅದಕ್ಕಿಂತ ಮೊದಲು ನೆಟ್ಟ ಗೆಡ್ಡೆ ಕೊಳೆಯುತ್ತದೆ. ಮೊದಲ ಹೂ ಆಗಸ್ಟ್‌ಗೆ. ಸೆಪ್ಟೆಂಬರ್ ಕೊನೆಯ ಒಂದು ರಾತ್ರಿ ಫ್ರಾಸ್ಟ್ ಬಿದ್ದರೆ ಬೆಳಗ್ಗೆ ಇಡೀ ಸಾಲು ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತುಬಿದ್ದಿರುತ್ತದೆ. ಏಳೆಂಟು ವಾರದ ಕೊಯ್ಲಿಗೆ ವರ್ಷಪೂರ್ತಿ ಚಾಕರಿ. ಆಮೇಲೆ ಒಂದೊಂದು ಬುಡವನ್ನೂ ಅಗೆದು, ತೊಳೆದು, ಸೀಳಿ ಇಡಬೇಕು. ಆಲೂಗಡ್ಡೆಯ ಹಾಗೆ ಇದಕ್ಕೆ ಮೈತುಂಬ ಕಣ್ಣಿಲ್ಲ, ಕಾಂಡ ಸೇರುವ ಕುತ್ತಿಗೆಯ ಬಳಿ ಮಾತ್ರ. ಕಣ್ಣು ಬಿಟ್ಟು ಸೀಳಿದ ಗೆಡ್ಡೆ ಎಷ್ಟು ದಪ್ಪವಿದ್ದರೂ ಮೊಳೆಯುವುದಿಲ್ಲ. ಸೀಳಿದ್ದನ್ನು 4ರಿಂದ 7 ಡಿಗ್ರಿಯಲ್ಲಿ, ಒಣಗದಂತೆಯೂ ಕೊಳೆಯದಂತೆಯೂ ತೇವ ಕಾಪಾಡಿಕೊಂಡು ಮುಂದಿನ ನಾಟಿಯವರೆಗೆ ಇಡಬೇಕು. ಒಂದು ಜನವರಿಯಲ್ಲಿ ನನ್ನ ಕೊಟ್ಟಿಗೆಯ ಒಳಗಿನ ಉಷ್ಣಾಂಶ ಒಂದೇ ರಾತ್ರಿ ಸೊನ್ನೆಗಿಂತ ಕೆಳಗಿಳಿಯಿತು. ನಾಲ್ಕು ಕ್ರೇಟ್ ಗೆಡ್ಡೆ ಕರಗಿ ನೀರಾಯಿತು. ಮನೆಯ ನೆಲಮಾಳಿಗೆಯಲ್ಲಿ ಇಡಲು ಜಾಗವಿಲ್ಲದಿದ್ದರೆ ಡೇಲಿಯಾ ಬೇಡ ಎಂದು ನೇರವಾಗಿ ಹೇಳುತ್ತೇನೆ.

ಲಿಸಿಯಾಂಥಸ್ ಅಮೆರಿಕದ್ದೇ ಹುಲ್ಲುಗಾವಲಿನ ಹೂ, ಜಪಾನಿನಲ್ಲಿ ತಳಿಯಾಗಿ ತಿದ್ದಿಕೊಂಡದ್ದು. ಗುಲಾಬಿಯಂಥ ಮಡಿಕೆ, ಹೂದಾನಿಯಲ್ಲಿ ಎರಡು ವಾರ. ಡೇಲಿಯಾ ಬಾಳುವುದು ನಾಲ್ಕೈದು ದಿನ. ಲಿಸಿಯಾಂಥಸ್ ಸಸಿ ಸಣ್ಣ ಫ್ರಾಸ್ಟಿಗೆ ಜಗ್ಗುವುದಿಲ್ಲ, ಹಾಗಾಗಿ ಡೇಲಿಯಾಕ್ಕಿಂತ ಮೂರು ನಾಲ್ಕು ವಾರ ಮುಂಚೆ ನೆಲಕ್ಕಿಳಿಸಬಹುದು. ತೊಂದರೆ ಇರುವುದು ಬೀಜದಲ್ಲಿ: ಧೂಳಿನಷ್ಟು ಸಣ್ಣ ಬೀಜ ನಾಟಿಯ ಹದಕ್ಕೆ ಬರಲು ಮೂರು ತಿಂಗಳು ತೆಗೆದುಕೊಳ್ಳುತ್ತದೆ. ನಡುವೆ ಒಂದು ದಿನ ಟ್ರೇ ಒಣಗಿದರೂ ಕಥೆ ಮುಗಿಯಿತು. ಬೀಜ ಹಾಕುವ ಸಾಹಸ ಬಿಟ್ಟು ನರ್ಸರಿಯವರು ಟ್ರೇಯ ಸಣ್ಣ ಗುಳಿಗಳಲ್ಲಿ ಬೆಳೆಸಿ ಮಾರುವ ಪ್ಲಗ್ ಸಸಿಯನ್ನೇ ತನ್ನಿ. ದುಬಾರಿ ಹೌದು, ಆದರೆ ಅಕ್ಟೋಬರ್‌ನಲ್ಲಿ ಅಗೆಯುವುದಿಲ್ಲ, ಜನವರಿಯಲ್ಲಿ ನಿದ್ದೆಗೆಡುವುದಿಲ್ಲ.

ದುಡ್ಡಿನ ಲೆಕ್ಕದಲ್ಲಿ ನನ್ನ ಮತ ಲಿಸಿಯಾಂಥಸ್‌ಗೆ. ಆದರೂ ಡೇಲಿಯಾ ಬಿಟ್ಟಿಲ್ಲ. ಒಂದು ಗೆಡ್ಡೆ ನೆಟ್ಟರೆ ಅಕ್ಟೋಬರ್‌ಗೆ ನಾಲ್ಕೈದಾಗುತ್ತದೆ, ಹೆಚ್ಚಾದದ್ದನ್ನು ವಸಂತದಲ್ಲಿ ಮಾರಬಹುದು. ಅದಕ್ಕಿಂತ ಹೆಚ್ಚಾಗಿ, ಆಗಸ್ಟ್ ಬೆಳಗ್ಗೆ ಏಳು ಗಂಟೆಗೆ ಡೇಲಿಯಾ ಸಾಲಿನಲ್ಲಿ ನಿಂತವರು ಅದನ್ನು ಬಿಡಲಾರರು. ಐವತ್ತು ಗಿಡಕ್ಕೆ ನಿಲ್ಲಿಸಿಕೊಂಡಿದ್ದೇನೆ.

ಬೀಜ ಚೆಲ್ಲಿ ಬೆಳೆಯುವವು

ಜಿನಿಯಾ, ಸೂರ್ಯಕಾಂತಿ, ಕಾರ್ನ್‌ಫ್ಲವರ್ ಇವು ಅಗ್ಗದ ಬೆಳೆಗಳು, ಮೊದಲ ಬೇಸಿಗೆಯ ಹೂಗುಚ್ಛಕ್ಕೆ ಇವೇ ಆಸರೆ. ಗಿಡಕ್ಕೊಂದೇ ಹೂ ಬಿಡುವ, ಒಂದೇ ಕಡ್ಡಿಯ ಸೂರ್ಯಕಾಂತಿಯನ್ನು ಹತ್ತು ದಿನಕ್ಕೊಮ್ಮೆ ಬಿತ್ತುತ್ತಾ ಹೋದರೆ, ಬಿತ್ತಿದ ಎರಡು ತಿಂಗಳಿಗೆ ಒಂದೊಂದು ಕಂತೂ ಕೈಗೆ ಬರುತ್ತದೆ. ಜಿನಿಯಾ ಕೊಯ್ಯುವ ಮುನ್ನ ಹೂವಿನಿಂದ ಗೇಣು ಕೆಳಗೆ ಕಾಂಡ ಹಿಡಿದು ಅಲ್ಲಾಡಿಸಿ. ಕತ್ತು ಬಳುಕಿದರೆ ಇನ್ನೂ ಎಳೆಯದು, ಬಿಡಿ. ಅದನ್ನು ಟ್ಯೂಲಿಪ್ಪಿನ ಕೂಲರ್‌ಗೆ ಮಾತ್ರ ಇಡಬೇಡಿ, ಚಳಿಗೆ ದಳ ಕಂದುತ್ತದೆ.

ಕಾರ್ನ್‌ಫ್ಲವರ್, ಲಾರ್ಕ್‌ಸ್ಪರ್, ನೈಜೆಲ್ಲಾ ಚಳಿ ತಡೆಯುವ, ಒಂದೇ ವರ್ಷ ಬಾಳುವ ಗಿಡಗಳು. ಹಿಮ ಕರಗಿದೊಡನೆ ಏಪ್ರಿಲ್‌ನಲ್ಲೇ ಬಿತ್ತಿ. ತಂಪಿನಲ್ಲಿ ಬೇರು ಬಿಟ್ಟರೇ ಕಾಂಡ ಉದ್ದವಾಗುವುದು.

ನಮ್ಮ ಹಬ್ಬಕ್ಕೆ ನಮ್ಮದೇ ಹೂ

ವರಮಹಾಲಕ್ಷ್ಮಿ, ಗಣೇಶ ಚತುರ್ಥಿ ಎರಡೂ ಫ್ರಾಸ್ಟಿಗೆ ಮುಂಚೆಯೇ ಬಂದುಹೋಗುತ್ತವೆ. ಆಗ ಚೆಂಡುಹೂ, ಕೋಳಿಜುಟ್ಟು, ಆಸ್ಟರ್ ತುಂಬಿ ತುಳುಕುತ್ತಿರುತ್ತವೆ. ಸುತ್ತಲಿನ ನಾಲ್ಕೈದು ಊರಿನ ಭಾರತೀಯ ಮನೆಗಳಿಗೆ ಬಿಡಿ ಹೂ ತೂಗಿ ಕೊಡುವ ಸಂತೋಷ ಬೇರೆಯೇ. ಚೀನಾ ಆಸ್ಟರ್ ಕೋಲಾರ, ಚಿಕ್ಕಬಳ್ಳಾಪುರಗಳಲ್ಲೂ ಇದೆ, ಇಲ್ಲೂ ಇದೆ. ಎರಡೂ ಕಡೆ ಒಂದೇ ನಿಯಮ, ಅದೇ ಮಡಿಯಲ್ಲಿ ಮರುವರ್ಷ ಹಾಕಿದರೆ ಸೊರಗು ರೋಗ.

ದಸರೆಗೆ ಅದೃಷ್ಟ ಬೇಕು. ದೀಪಾವಳಿಗಂತೂ ಬಯಲಿನಲ್ಲಿ ಒಂದು ಹೂವೂ ಉಳಿದಿರುವುದಿಲ್ಲ. ಇಲ್ಲಿ ಎರಡು ದಾರಿ. ಒಂದು, ಟನಲ್‌ನಲ್ಲಿ ಸೇವಂತಿಗೆ. ಹಗಲು ಕುಗ್ಗಿದಾಗಲೇ ಮೊಗ್ಗು ಕಟ್ಟುವ ಗಿಡವಾದ್ದರಿಂದ ಒಳ್ಳೆಯ ತಳಿಗಳು ಅರಳುವುದೇ ಅಕ್ಟೋಬರ್‌ನಲ್ಲಿ. ಬಯಲಿನಲ್ಲಿದ್ದರೆ ಮೊಗ್ಗಿನಲ್ಲೇ ಸಾಯುತ್ತವೆ, ಒಳಗಿದ್ದರೆ ನವೆಂಬರ್‌ವರೆಗೆ ಕೊಯ್ಯಬಹುದು. ಇನ್ನೊಂದು, ಸೆಪ್ಟೆಂಬರ್ ಮಧ್ಯದಲ್ಲೇ ಚೆಂಡುಹೂ ಕೊಯ್ದು ಸರ ಪೋಣಿಸಿ ಗಾಳಿಯಾಡುವ ಕತ್ತಲ ಕೋಣೆಯಲ್ಲಿ ನೇತುಹಾಕುವುದು. ಒಣಗಿ ಚಿಕ್ಕದಾಗುತ್ತದೆ, ಕೇಸರಿ ಮಾತ್ರ ಹಾಗೇ ಇರುತ್ತದೆ. ಟನಲ್ ಇಲ್ಲದವರು ಇದನ್ನೇ ಮಾಡಿ. ಬಾಗಿಲಿನ ತೋರಣಕ್ಕೆ ನಾನು ಬಳಸುವುದೂ ಇದನ್ನೇ.

ಹಿಮ ಬಿದ್ದ ಮೇಲೆ

ಚಳಿಗಾಲದ ಆದಾಯಕ್ಕೆ ಮೂರು ದಾರಿಗಳಿವೆ. ನೆಲಮಾಳಿಗೆಯಲ್ಲಿ ಕ್ರೇಟುಗಳಲ್ಲಿ ಟ್ಯೂಲಿಪ್ ಅರಳಿಸುವುದು ಕಣ್ಣಿಗೆ ಹಬ್ಬ. ಗಡ್ಡೆಯಲ್ಲೇ ಆಹಾರವಿರುವುದರಿಂದ ಸಾಧಾರಣ ಎಲ್‌ಇಡಿ ದೀಪದ ಬೆಳಕು ಸಾಕು. ಆದರೆ ಮೂರೂವರೆ ತಿಂಗಳು ತಣಿಸಲು ಕೂಲರ್ ಬೇಕು, ಫೆಬ್ರವರಿಯಲ್ಲಿ ಸೂಪರ್‌ಮಾರ್ಕೆಟ್ಟಿನ ಅಗ್ಗದ ಟ್ಯೂಲಿಪ್ ಎದುರು ನಿಲ್ಲಬೇಕು. ಮೂರನೆಯ ವರ್ಷದವರೆಗೆ ಬೇಡ.

ಒಣಹೂ ಸುಲಭ. ಸ್ಟ್ರಾಫ್ಲವರ್ ಪೂರ್ತಿ ಅರಳುವ ಮುಂಚೆ, ಸ್ಟ್ಯಾಟಿಸ್ ಪೂರ್ತಿ ಅರಳಿದ ಮೇಲೆ ಕೊಯ್ದು ತಲೆಕೆಳಗೆ ನೇತುಹಾಕಬೇಕು. ಬೇಸಿಗೆಯಲ್ಲಿ ಮಾರಾಟವಾಗದೆ ಉಳಿಯುವ ಹೂವಿಗೂ ಇದರಲ್ಲಿ ಜಾಗವಿದೆ.

ನನಗೆ ಹೆಚ್ಚು ಇಷ್ಟ ಮೂರನೆಯದು, ಪೊದೆಗಳ ಕಡ್ಡಿ. ವಿಂಟರ್‌ಬೆರಿ ಈ ಸೀಮೆಯ ಜವುಗು ನೆಲದ್ದೇ ಗಿಡ. ಎಲೆ ಉದುರಿದ ಮೇಲೆ ಬೋಳು ಕೊಂಬೆಗಳ ತುಂಬ ಕುಂಕುಮದ ಕೆಂಪಿನ ಹಣ್ಣು, ಅದೂ ಸರಿಯಾಗಿ ಕ್ರಿಸ್‌ಮಸ್ ಹೊತ್ತಿಗೆ. ಹಣ್ಣು ಬಿಡುವುದು ಹೆಣ್ಣು ಗಿಡ ಮಾತ್ರ, ಹತ್ತಿರದಲ್ಲೊಂದು ಅದೇ ಹೊತ್ತಿಗೆ ಹೂಬಿಡುವ ಗಂಡು ಗಿಡ ಇರಲೇಬೇಕು. ಕೆಂಪು ಕಾಂಡದ ಡಾಗ್‌ವುಡ್, ಮಾರ್ಚ್‌ನ ಪುಸಿ ವಿಲೋ, ಮೇ ತಿಂಗಳ ಲೈಲ್ಯಾಕ್ ಇವೂ ಅದೇ ಬಗೆಗೆ ಸೇರಿದವು: ಚಳಿ ಇಲ್ಲದೆ ಬಾಳದವು, ಹೊದಿಕೆ ಬೇಡದವು. ತರಕಾರಿಗೂ ಆಗದ ಒದ್ದೆ ಮೂಲೆಯೊಂದು ನಿಮ್ಮ ಜಾಗದಲ್ಲಿದ್ದರೆ ಅಲ್ಲಿ ವಿಂಟರ್‌ಬೆರಿ ನೆಡಿ.

ವರ್ಷವರ್ಷವೂ ನೆಲದಲ್ಲೇ ಉಳಿಯುವ ಇಂಥ ಗಿಡಗಳ ವಿಷಯದಲ್ಲಷ್ಟೇ, ಎಲ್ಲಿ ಎಷ್ಟು ಚಳಿ ಎಂದು ತೋರಿಸುವ ವಲಯದ ನಕ್ಷೆ ಕೆಲಸಕ್ಕೆ ಬರುತ್ತದೆ. ಅಮೆರಿಕದ ಕೃಷಿ ಇಲಾಖೆ ಆ ನಕ್ಷೆಯನ್ನು 2023ರಲ್ಲಿ ಪರಿಷ್ಕರಿಸಿತು. ಉದಾಹರಣೆಗೆ ವಲಯ 4 ಎಂದರೆ ವರ್ಷದ ಅತಿ ಚಳಿಯ ರಾತ್ರಿ ಸರಾಸರಿ ಮೈನಸ್ 34ರಿಂದ ಮೈನಸ್ 29 ಡಿಗ್ರಿ. ಗಿಡ ಆ ರಾತ್ರಿ ಬದುಕೀತೇ ಎಂದಷ್ಟೇ ಅದು ಹೇಳುತ್ತದೆ. ನಿಮ್ಮ ಬೇಸಿಗೆ ಎಷ್ಟುದ್ದ, ಆ ರಾತ್ರಿ ನೆಲದ ಮೇಲೆ ಹಿಮದ ಹೊದಿಕೆ ಇತ್ತೇ ಇಲ್ಲವೇ ಎಂದು ಹೇಳುವುದಿಲ್ಲ. ಮೊಣಕಾಲುದ್ದ ಹಿಮದ ಕೆಳಗೆ ಬೇರು ಬೆಚ್ಚಗಿರುತ್ತದೆ. ಹಿಮವಿಲ್ಲದ ಬೋಳು ಚಳಿಯಲ್ಲಿ ಮಣ್ಣು ಉಬ್ಬಿ ಇಳಿದು ಹೊಸ ಸಸಿಗಳನ್ನು ಬೇರುಸಹಿತ ಮೇಲಕ್ಕೆ ದೂಡುತ್ತದೆ. ಮೊದಲ ವರ್ಷದ ಗಿಡಗಳಿಗೆ ನವೆಂಬರ್‌ನಲ್ಲಿ ಒಣಹುಲ್ಲು ಹೊದಿಸಿ, ಏಪ್ರಿಲ್‌ನಲ್ಲಿ ಮರೆಯದೆ ತೆಗೆಯಿರಿ.

ಈಗಲೇ ಶುರುಮಾಡುವವರು ತಾರೀಖುಗಳನ್ನು ಬರೆದಿಟ್ಟುಕೊಳ್ಳಿ. ಟ್ಯೂಲಿಪ್ ಗಡ್ಡೆಗೆ ಬೇಸಿಗೆಯಲ್ಲೇ ಆರ್ಡರ್ ಕೊಡಬೇಕು, ಆಗಸ್ಟ್ ದಾಟಿದರೆ ಒಳ್ಳೆಯ ತಳಿ ಮುಗಿದಿರುತ್ತದೆ. ಪಿಯೋನಿ ಬೇರು ಸೆಪ್ಟೆಂಬರ್‌ನಲ್ಲಿ ಕೈಗೆ ಬರುವಂತೆ ನೋಡಿಕೊಳ್ಳಿ. ಲಿಸಿಯಾಂಥಸ್ ಪ್ಲಗ್‌ಗೆ ಹಿಂದಿನ ಶರತ್ಕಾಲದಲ್ಲೇ ಹೇಳಿಡಿ. ಡೇಲಿಯಾ ಗೆಡ್ಡೆಯ ಮಾರಾಟ ಜನವರಿಯಲ್ಲಿ ಶುರುವಾಗುತ್ತದೆ. ಆ ಹೊತ್ತಿಗೆ ನಿಮ್ಮ ನೆಲಮಾಳಿಗೆಯಲ್ಲಿ ಒಂದು ಥರ್ಮಾಮೀಟರ್ ಇಟ್ಟು, ತಿಂಗಳಿಡೀ ಬೆಳಗಿನ ಉಷ್ಣಾಂಶ ಬರೆದುಕೊಂಡು, ಆಮೇಲೆ ಕೊಳ್ಳಿ.